ಜಗಳ ಹೆಸರಿನದು, ಸೀಲು ಬಿದ್ದದ್ದು ಪುಡಿಗೆ: ಒಂದು ಕಾಫಿಪುಡಿ ದಾವೆಯ ಪ್ರಕರಣ ಅಧ್ಯಯನ

ಟ್ರೇಡ್‌ಮಾರ್ಕ್ ದಾವೆಗಳ ಬಗ್ಗೆ ಬರೆಯುವವರು ವಾದ, ತೀರ್ಪು ಇವೆರಡನ್ನೇ ಬರೆಯುತ್ತಾರೆ. ದಾವೆ ನಡೆಯುತ್ತಿರುವಾಗ ಗೋಡೌನಿನಲ್ಲಿ ಪೇರಿಸಿಟ್ಟ ಮಾಲಿನ ಗತಿ ಏನಾಯಿತು ಅಂತ ಓದಲು ಸಿಗುವುದು ಕಡಿಮೆ. ಈ ಬರಹ ಆ ಮಾಲಿನ ಬಗ್ಗೆ. ನಾನು ವಕೀಲನಲ್ಲ. ಸಣ್ಣ ವ್ಯಾಪಾರಿಗಳ ಲೆಕ್ಕಪತ್ರ, ಜಿಎಸ್‌ಟಿ ನೋಡಿಕೊಳ್ಳುವವನು. ಈ ದಾವೆಯಲ್ಲಿ ಪ್ರತಿವಾದಿಯ ದಾಸ್ತಾನು ಲೆಕ್ಕ ನನ್ನ ಕೈಯಲ್ಲಿತ್ತು.

ಎರಡೂ ಕಡೆಯವರು ಈಗಲೂ ಚಿಕ್ಕಮಗಳೂರಿನಲ್ಲೇ ವ್ಯಾಪಾರ ಮಾಡುತ್ತಿದ್ದಾರೆ. ಅದಕ್ಕೇ ಹೆಸರು, ಬೀದಿ, ವರ್ಷ ಯಾವುದನ್ನೂ ಕೊಟ್ಟಿಲ್ಲ. ಗುರುತು ಸಿಗುವಂಥ ಕೆಲವು ವಿವರಗಳನ್ನು ಬದಲಿಸಿದ್ದೇನೆ. ವಾದಿಯನ್ನು ಹಳೇ ಅಂಗಡಿ, ಪ್ರತಿವಾದಿಯನ್ನು ಹೊಸ ಅಂಗಡಿ ಅಂತ ಕರೆಯುತ್ತೇನೆ.

ಹಿನ್ನೆಲೆ

ಹಳೇ ಅಂಗಡಿ ಅಜ್ಜನ ಕಾಲದ್ದು. ತೋಟದವರಿಂದ ಬೀಜ ಕೊಂಡು, ಹುರಿದು, ಪುಡಿ ಮಾಡಿ ಮಾರುವ ವ್ಯಾಪಾರ. ಅಜ್ಜನ ನಂತರ ಅಣ್ಣನ ಮನೆಯವರು, ತಮ್ಮನ ಮನೆಯವರು ಒಟ್ಟಿಗೆ ನಡೆಸಿದರು. ಮುಂದೆ ಪಾಲಾಯಿತು. ಪಾಲುಪಟ್ಟಿಯಲ್ಲಿ ಹುರಿಯುವ ಡ್ರಮ್ಮಿನಿಂದ ಹಿಡಿದು ತಕ್ಕಡಿಯವರೆಗೆ ಎಲ್ಲ ಬರೆದಿತ್ತು. ಹೆಸರು ಯಾರಿಗೆ ಅಂತ ಬರೆದಿರಲಿಲ್ಲ.

ಅಣ್ಣನ ಮಗ ಅಷ್ಟರಲ್ಲಿ ಆ ಹೆಸರನ್ನು ಕಾಫಿ ಬರುವ 30ನೇ ವರ್ಗದಲ್ಲಿ ತನ್ನ ಹೆಸರಿಗೆ ಟ್ರೇಡ್‌ಮಾರ್ಕ್ ನೋಂದಣಿ ಮಾಡಿಸಿಕೊಂಡಿದ್ದರು. ತಮ್ಮನ ಮಗನಿಗೆ ಇದು ಗೊತ್ತಾದದ್ದು ಲಾಯರ್ ನೋಟಿಸು ಬಂದಾಗ. ಅಷ್ಟು ಹೊತ್ತಿಗೆ ಅವರು ಊರ ಹೊರಗೆ ಸ್ವಂತ ಘಟಕ ಹಾಕಿ (ಇದೇ ಹೊಸ ಅಂಗಡಿ), ಅದೇ ಹೆಸರಿನ ಹಿಂದೆ ಒಂದು ಚಿಕ್ಕ ಪದ ಸೇರಿಸಿ ಮಾರುತ್ತಿದ್ದರು. ಪೌಚಿನ ಬಣ್ಣವೂ ಹೆಚ್ಚುಕಡಿಮೆ ಅದೇ ಕಂದು-ಕೆಂಪು. ಹಳೇ ಅಂಗಡಿಯ ಪೌಚಿನಲ್ಲಿ ಹಿತ್ತಾಳೆ ಫಿಲ್ಟರಿನ ಚಿತ್ರ ಎಡಕ್ಕಿದ್ದರೆ ಇವರದ್ದರಲ್ಲಿ ಬಲಕ್ಕೆ. ಬೇಕಂತಲೇ ಮಾಡಿದ್ದೋ ಅಂತ ಕೇಳಿದರೆ "ನಮ್ಮಜ್ಜನ ಫಿಲ್ಟರು, ಅವರೊಬ್ಬರಿಗೇ ಅಜ್ಜನಾ?" ಅನ್ನುತ್ತಿದ್ದರು.

ಮಾರುಕಟ್ಟೆ ಮೂರು ತರದ್ದು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಗೆ ಬರುವ ಪ್ರವಾಸಿಗರು ಕೊಳ್ಳುವ ಸಣ್ಣ ಪೌಚು ಒಂದು. ಬೇಲೂರು, ಹಾಸನ, ಸಕಲೇಶಪುರದ ಬೇಕರಿ ಮತ್ತು ದಿನಸಿ ಅಂಗಡಿಗಳು ಇನ್ನೊಂದು. ಮೂರನೆಯದು ಹೋಟೆಲುಗಳು. ಇವರು ದೊಡ್ಡ ಚೀಲದಲ್ಲಿ ಕೊಳ್ಳುತ್ತಾರೆ, ಪೌಚಿನ ಗೊಡವೆ ಇಲ್ಲ, ಡಿಕಾಕ್ಷನ್ ಗಟ್ಟಿ ಇಳಿದರೆ ಸಾಕು. ಮುಂದೆ ಹೊಸ ಅಂಗಡಿಯನ್ನು ಉಳಿಸಿದ್ದು ಈ ಮೂರನೆಯವರು.

ನೋಟಿಸಿಗೆ ಹೊಸ ಅಂಗಡಿ ಉತ್ತರ ಕೊಟ್ಟಿತು: ಇದು ಕುಟುಂಬದ ಹೆಸರು, ನೋಂದಣಿಗೂ ಮುಂಚಿನಿಂದ ನಾವೂ ಬಳಸುತ್ತಿದ್ದೇವೆ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯಲ್ಲಿ ಮೊದಲ ಬಳಕೆದಾರರಿಗೆ 34ನೇ ಕಲಮಿನಲ್ಲಿ ರಕ್ಷಣೆ ಇದೆ. ಸ್ವಂತ ಹೆಸರನ್ನು ಪ್ರಾಮಾಣಿಕವಾಗಿ ಬಳಸುವವರಿಗೆ 35ನೇ ಕಲಂ ಇದೆ. ವಾದ ಸುಮ್ನೆ ಹೂಡಿದ್ದಲ್ಲ, ಹುರುಳಿತ್ತು. ಆದರೆ ವಾದಕ್ಕೆ ಹುರುಳಿದೆ ಅಂತ ಮಾಲು ಸುರಕ್ಷಿತ ಅಂತಲ್ಲ. ಅಲ್ಲೇ ಎಡವಟ್ಟಾಗಿದ್ದು. ನೋಟಿಸು ಬಂದ ಮೇಲೆ ಆರು ತಿಂಗಳು ಏನೂ ಆಗಲಿಲ್ಲ. ಹಳೇ ಅಂಗಡಿಯವರು ತಣ್ಣಗಾದರು ಅಂದುಕೊಂಡು, ಬೇಸಿಗೆ ಪ್ರವಾಸಿಗರಿಗಾಗಿ ಹೊಸ ಅಂಗಡಿ ಅದೇ ಹೆಸರಿನ ಪೌಚುಗಳನ್ನು ಇನ್ನೊಂದು ದೊಡ್ಡ ಲಾಟು ಅಚ್ಚು ಹಾಕಿಸಿತು.

ಕಮಿಷನರ್ ಬಂದ ದಿನ

ಕಾಯ್ದೆಯ 134ನೇ ಕಲಮಿನ ಪ್ರಕಾರ ಇಂಥ ದಾವೆ ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗೆ ಹಾಕುವಂತಿಲ್ಲ. ಹಳೇ ಅಂಗಡಿ ಅಲ್ಲೇ ಹಾಕಿತು. ಎದುರಿನವರನ್ನು ಕೇಳದೆಯೇ ತಾತ್ಕಾಲಿಕ ತಡೆಯಾಜ್ಞೆಯೂ ಸಿಕ್ಕಿತು. ಜೊತೆಗೆ ಗೋಡೌನಿಗೆ ಹೋಗಿ ವಿವಾದಿತ ಮಾಲಿನ ಪಟ್ಟಿ ಮಾಡಿ ಸೀಲು ಹಾಕಲು ಕೋರ್ಟ್ ಕಮಿಷನರ್ ಆಗಿ ಒಬ್ಬ ವಕೀಲರನ್ನು ನೇಮಿಸಿದರು. 135ನೇ ಕಲಂ ಎರಡಕ್ಕೂ ಅವಕಾಶ ಕೊಡುತ್ತದೆ.

ಮಧ್ಯಾಹ್ನ ಕಮಿಷನರ್ ಬಂದರು. ಅವರ ಜೊತೆ ಹಳೇ ಅಂಗಡಿಯ ಇಬ್ಬರು. ಆ ಇಬ್ಬರ ಬೇಡಿಕೆ ಸರಳವಾಗಿತ್ತು: ಬಾಗಿಲು ಎಳೆದು ಬೀಗ ಹಾಕಿ, ಅರಗು ಒತ್ತಿ. ಒಳಗೆ ಏನೇನಿತ್ತು? ತುಂಬಿದ ಪೌಚುಗಳ ರಟ್ಟಿನ ಪೆಟ್ಟಿಗೆ, ಖಾಲಿ ಪೌಚಿನ ಬಂಡಲುಗಳು, ಹುರಿದ ಬೀಜ, ಚಿಕೋರಿ, ಹಸಿ ಬೀಜದ ಮೂಟೆಗಳು, ಗ್ರೈಂಡರು, ಪ್ಯಾಕಿಂಗ್ ಮೆಷಿನ್ನು. ಎಲ್ಲಕ್ಕೂ ಸೀಲು ಬಿದ್ದಿದ್ದರೆ ವ್ಯಾಪಾರ ಅಂದೇ ಮುಗಿಯುತ್ತಿತ್ತು.

ಹೊಸ ಅಂಗಡಿಯ ವಕೀಲರು ಕೂಗಾಡಲಿಲ್ಲ. ಆದೇಶದ ಪ್ರತಿ ಕೇಳಿ ತೆಗೆದುಕೊಂಡು ಕಮಿಷನರ ಎದುರೇ ಗಟ್ಟಿಯಾಗಿ ಓದಿದರು. ವಿವಾದಿತ ಗುರುತು ಇರುವ ಮಾಲು, ಪ್ಯಾಕಿಂಗ್ ಸಾಮಗ್ರಿ, ಲೇಬಲ್ಲು, ಅಚ್ಚು, ಡೈ, ಅಷ್ಟೇ ಇತ್ತು. ಹಸಿ ಬೀಜದ ಮೇಲೆ ಯಾವ ಗುರುತೂ ಇಲ್ಲ. ಗ್ರೈಂಡರಿಗೆ ಹೆಸರಿಲ್ಲ. ಆ ಓದು ಇಡೀ ಪ್ರಕರಣದ ಮೊದಲ ತಿರುವು. ಕಮಿಷನರು ಮಾಲನ್ನು ಮೂರು ಪಟ್ಟಿ ಮಾಡಿದರು: ಹೆಸರಿರುವ ತುಂಬಿದ ಪೌಚು, ಹೆಸರಿರುವ ಖಾಲಿ ಸಾಮಗ್ರಿ, ಹೆಸರಿಲ್ಲದ ಉಳಿದದ್ದು. ಮೂರನೆಯದನ್ನು ಪಟ್ಟಿಗೆ ಸೇರಿಸಿದರು, ಸೀಲು ಹಾಕಲಿಲ್ಲ. ಮೊದಲೆರಡನ್ನು ಹಿಂದಿನ ಕೋಣೆಗೆ ಸಾಗಿಸಿದರು. ಪ್ರತಿ ಬ್ಯಾಚಿನಿಂದ ಮಾದರಿ ತೆಗೆದು ಬೇರೆ ಸೀಲು ಹಾಕಿದರು. ಮಹಜರಿಗೆ ಎರಡೂ ಕಡೆಯವರು ಸಹಿ ಮಾಡಿದರು.

ಸೀಲಾದ ಮಾಲು ಯಾರ ಸುಪರ್ದಿಯಲ್ಲಿರಬೇಕು? ಹಳೇ ಅಂಗಡಿಯವರು ತಮ್ಮ ಗೋಡೌನಿಗೆ ಒಯ್ಯುತ್ತೇವೆ ಅಂದರು. ಕಮಿಷನರು ಒಪ್ಪಲಿಲ್ಲ. ಹೊಸ ಅಂಗಡಿಯ ಮಾಲೀಕರಿಂದ ಮುಚ್ಚಳಿಕೆ ಬರೆಸಿಕೊಂಡು ಅಲ್ಲೇ ಬಿಟ್ಟರು. ಕೇಳಿದಾಗ ಇದ್ದ ಹಾಗೇ ಹಾಜರುಪಡಿಸುತ್ತೇನೆ ಅಂತ ಮುಚ್ಚಳಿಕೆ. ಇದ್ದ ಹಾಗೇ ಅನ್ನುವ ಮಾತಿನ ಭಾರ ಮಳೆಗಾಲದಲ್ಲಿ ಗೊತ್ತಾಯಿತು.

ಪಟ್ಟಿ ಆ ದಿನ ಮುಗಿಯಲಿಲ್ಲ. ಮರುದಿನ ಬರುತ್ತೇನೆ ಅಂತ ಹೇಳಿ ಕಮಿಷನರು ಹೋದರು. ಆ ರಾತ್ರಿ ಮನೆಯಲ್ಲಿ ಬೇರೆಯೇ ಚರ್ಚೆ. ಆಲ್ದೂರು ಕಡೆ ನೆಂಟರ ತೋಟದ ಶೆಡ್ಡಿನಲ್ಲಿ ಇನ್ನಷ್ಟು ಪೆಟ್ಟಿಗೆಗಳಿದ್ದವು. ಘಟಕದಲ್ಲಿ ಜಾಗ ಸಾಲದೆ ಅಲ್ಲಿಟ್ಟಿದ್ದರು. ಆದೇಶದಲ್ಲಿದ್ದ ವಿಳಾಸ ಘಟಕದ್ದು ಮಾತ್ರ. ಮಗ ಹೇಳಿದ: "ಅದು ಅವರಿಗೆ ಗೊತ್ತೇ ಇಲ್ಲವಲ್ಲ, ಹಾಸನಕ್ಕೆ ಕಳಿಸಿಬಿಡೋಣ." ಹಣದ ಲೆಕ್ಕದಲ್ಲಿ ಅವನ ಮಾತು ತಪ್ಪಿರಲಿಲ್ಲ. ಆದರೆ ಪಟ್ಟಿ ಮಾಡುವ ಆದೇಶ ಒಂದು, ಮಾರಬೇಡಿ ಅನ್ನುವ ತಡೆಯಾಜ್ಞೆ ಇನ್ನೊಂದು. ತಡೆಯಾಜ್ಞೆಗೆ ವಿಳಾಸದ ಮಿತಿ ಇರಲಿಲ್ಲ. ಅದನ್ನು ಮೀರಿದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 2ಎ ನಿಯಮದಡಿ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು. ವಕೀಲರು ಇದನ್ನು ಬಿಡಿಸಿ ಹೇಳಿದರು. ಬೆಳಿಗ್ಗೆ ಮಾಲೀಕರೇ ಕಮಿಷನರಿಗೆ ಶೆಡ್ಡಿನ ವಿಷಯ ಹೇಳಿ ಕರೆದುಕೊಂಡು ಹೋದರು. ಹಳೇ ಅಂಗಡಿಯವರಿಗೇ ಆಶ್ಚರ್ಯ.

ಅಂಗಡಿಗಳ ಶೆಲ್ಫಿನಲ್ಲಿದ್ದದ್ದು

ಗೋಡೌನು ಒಂದು ಲೆಕ್ಕಕ್ಕೆ ಬಂತು. ಹೊರಗೆ ಹೋದ ಮಾಲು? ಹಾಸನದಿಂದ ಬೇಲೂರಿನವರೆಗೆ ಹತ್ತಾರು ಅಂಗಡಿಗಳಲ್ಲಿ ಪೌಚುಗಳಿದ್ದವು. ತಡೆಯಾಜ್ಞೆ ಮಾಲೀಕರಿಗೂ ಅವರ ಏಜೆಂಟರಿಗೂ ಅನ್ವಯ ಅಂತ ಬರೆದಿತ್ತು. ದುಡ್ಡು ಕೊಟ್ಟು ಕೊಂಡ ಬೇಕರಿಯವನು ಏಜೆಂಟನಾ? ಕಾನೂನಿನಲ್ಲಿ ವಾದ ಮಾಡಬಹುದು. ಆದರೆ ಉಳಿದ ಮಾಲನ್ನು ವಾಪಸು ಪಡೆಯುವ ಕರಾರಿನ ಮೇಲೆ ಕೊಟ್ಟಿದ್ದು ಜಾಸ್ತಿ. ಹಾಗಾಗಿ ಆ ವಾದಕ್ಕೆ ಬಲ ಇರಲಿಲ್ಲ.

ಇದು ತೀರ್ಮಾನ ಆಗುವ ಮುಂಚೆಯೇ ಒಬ್ಬ ಸೇಲ್ಸ್ ಹುಡುಗ ತನ್ನ ಅಂಗಡಿಗಳಿಗೆಲ್ಲ ವಾಟ್ಸ್‌ಆಪ್ ಮೆಸೇಜು ಹಾಕಿದ: ಕೇಸ್ ಇದೆ, ಸ್ಟಾಕ್ ಬೇಗ ಖಾಲಿ ಮಾಡಿ. ಅವನ ಮನಸ್ಸಿನಲ್ಲಿ ಮಾಲೀಕರಿಗೆ ಉಪಕಾರ ಮಾಡುತ್ತಿದ್ದ. ಕೆಲವೇ ದಿನಗಳಲ್ಲಿ ಹಳೇ ಅಂಗಡಿಯ ಕಡೆಯವರು ಹಾಸನದ ಒಂದು ಅಂಗಡಿಯಲ್ಲಿ ಪೌಚು ಕೊಂಡು, ಬಿಲ್ಲು ಪಡೆದು, ಆ ಮೆಸೇಜಿನ ಫೋಟೊ ಸಮೇತ, ತಡೆಯಾಜ್ಞೆ ಮೀರಿದ್ದಾರೆ ಅಂತ 2ಎ ಅರ್ಜಿ ಹಾಕಿದರು.

ಈಗ ಎರಡು ದಾರಿ. ಹುಡುಗನೇ ಮಾಡಿದ್ದು, ನಮಗೆ ಗೊತ್ತಿಲ್ಲ ಅನ್ನುವುದು ಒಂದು. ಆದದ್ದನ್ನು ಒಪ್ಪಿ, ಸರಿಪಡಿಸಿದ್ದನ್ನು ತೋರಿಸುವುದು ಇನ್ನೊಂದು. ಎರಡನೆಯದನ್ನು ಆರಿಸಿದರು. ಎಲ್ಲ ಅಂಗಡಿಗಳಿಗೂ ಮಾಲೀಕರ ಸಹಿಯ ಪತ್ರ ಹೋಯಿತು: ಮಾರಾಟ ನಿಲ್ಲಿಸಿ, ಎಷ್ಟು ಉಳಿದಿದೆ ಬರೆದುಕೊಡಿ, ನಮ್ಮ ಗಾಡಿ ಬಂದು ಒಯ್ಯುತ್ತದೆ. ವಾಪಸು ಬಂದದ್ದಕ್ಕೆಲ್ಲ ಬ್ಯಾಚ್ ಸಂಖ್ಯೆ ಹಾಕಿ ಕ್ರೆಡಿಟ್ ನೋಟು (ಅಷ್ಟು ಹಣ ಅವರ ಲೆಕ್ಕಕ್ಕೆ ಜಮಾ ಅನ್ನುವ ಚೀಟಿ) ಕೊಟ್ಟೆವು. ಅಂಗಡಿವಾರು ಪಟ್ಟಿಯನ್ನು ಅಫಿಡವಿಟ್ಟಿನ ಜೊತೆ ಕೋರ್ಟಿಗೆ ಕೊಟ್ಟರು. ಹುಡುಗನ ಮೆಸೇಜಿನ ವಿಷಯವನ್ನೂ ಅದರಲ್ಲೇ ಬರೆದರು. ತೋಟದ ಶೆಡ್ಡನ್ನು ತಾವಾಗಿ ತೋರಿಸಿದ್ದು ಇಲ್ಲಿ ಕೆಲಸಕ್ಕೆ ಬಂತು. ಮಾಲು ಬಚ್ಚಿಡುವವರು ಅಂತ ಇವರನ್ನು ಚಿತ್ರಿಸುವುದು ಕಷ್ಟವಾಯಿತು, ಯಾಕೆಂದರೆ ಕಮಿಷನರ ವರದಿಯೇ ಬೇರೆ ಹೇಳುತ್ತಿತ್ತು.

ವಾಪಸಾತಿಯಲ್ಲಿ ಯಾರೂ ಎಣಿಸದ ಒಂದು ವಿಷಯ ನಡೆಯಿತು. ಅಂಗಡಿಯವರು ಹೆಸರು ನೋಡಿ, ಬಣ್ಣ ನೋಡಿ, ಹಳೇ ಅಂಗಡಿಯ ಪೌಚುಗಳನ್ನೂ ಸೇರಿಸಿ ನಮ್ಮ ಗಾಡಿಗೆ ಹಾಕಿಬಿಟ್ಟಿದ್ದರು! ಯಾವುದು ಯಾರದು ಅಂತ ಅವರಿಗೇ ಗೊತ್ತಿಲ್ಲ. ಕೆಲವರಂತೂ ಕೋರ್ಟಿನ ಗೊಡವೆಯೇ ಬೇಡ ಅಂತ ಆ ಹೆಸರಿನ ಎರಡೂ ಪುಡಿ ತೆಗೆದು ಬೇರೆ ಕಂಪನಿಯದನ್ನು ಇಟ್ಟುಕೊಂಡರು.

ಇದು ಹಳೇ ಅಂಗಡಿಗೆ ಸಿಹಿ ಕಹಿ ಎರಡೂ. ಜನ ಗೊಂದಲಕ್ಕೆ ಬೀಳುತ್ತಾರೆ ಅನ್ನುವ ಅವರ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿರಲಿಲ್ಲ. ಹಾಗೆಯೇ, ತಡೆಯಾಜ್ಞೆಯಿಂದ ಅವರದೇ ಪೌಚು ಶೆಲ್ಫಿನಿಂದ ಇಳಿದಿತ್ತು. ಹೊಸ ಅಂಗಡಿಗೂ ಸಂಕಟ. ಈ ಪೌಚುಗಳನ್ನು ವಾಪಸು ಕೊಟ್ಟರೆ ಎದುರಾಳಿಯ ಕೈಗೆ ನಾವೇ ಸಾಕ್ಷಿ ಕೊಟ್ಟ ಹಾಗೆ. ಇಟ್ಟುಕೊಂಡರೆ ಪರರ ಮಾಲು. ಮಾಲೀಕರು ಎರಡು ದಿನ ಯೋಚಿಸಿದರು. ಕೊನೆಗೆ ಫೋಟೊ ತೆಗೆಸಿ, ಪಟ್ಟಿ ಮಾಡಿಸಿ, ವಕೀಲರ ಮೂಲಕ ರಸೀದಿ ಪಡೆದು ಹಳೇ ಅಂಗಡಿಗೆ ತಲುಪಿಸಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದ ದೊಡ್ಡ ತಿರುವು ಇದೇ. ಪಾಲಾದ ಮೇಲೆ ಎರಡು ಮನೆಗಳ ನಡುವೆ ಜಗಳವಿಲ್ಲದೆ ಕೈ ಬದಲಾದ ಮೊದಲ ವಸ್ತು ಆ ಪೌಚುಗಳು.

ಬಿಲ್ ಬುಕ್ಕು ಮತ್ತು ಬ್ಯಾಂಕು

ಹೋಟೆಲಿನ ವ್ಯಾಪಾರಕ್ಕೆ ಪೌಚಿಲ್ಲ, ಹಾಗಾಗಿ ತೊಂದರೆಯಿಲ್ಲ ಅಂದುಕೊಂಡಿದ್ದೆವು. ಆದರೆ ಬಿಲ್ಲಿನ ತಲೆಯಲ್ಲಿ ಅದೇ ಹೆಸರು ದಪ್ಪ ಅಕ್ಷರದಲ್ಲಿತ್ತು. 29ನೇ ಕಲಮಿನ 6ನೇ ಉಪಕಲಮಿನಲ್ಲಿ ಗುರುತಿನ ಬಳಕೆ ಅಂದರೆ ಏನೇನು ಅಂತ ಹೇಳುವಾಗ ವ್ಯಾಪಾರದ ಕಾಗದಪತ್ರ, ಜಾಹೀರಾತು ಎರಡೂ ಸೇರಿವೆ. ಬಿಲ್ ಬುಕ್ಕು, ಗಾಡಿಯ ಮೇಲಿನ ಬರಹ, ಆನ್‌ಲೈನ್ ಮಾರಾಟದ ಪುಟ, ಕೊನೆಗೆ ಹುಡುಗರ ಟೀ ಶರ್ಟು, ಎಲ್ಲ ಬದಲಾಗಬೇಕಾಯಿತು. ಮಾಲೀಕರ ಸ್ವಂತ ಹೆಸರಿನಲ್ಲಿ ಸಾದಾ ಬಿಲ್ಲು ಮಾಡಿಸಿದೆವು. ಜಿಎಸ್‌ಟಿ ನೋಂದಣಿ ಅವರ ಹೆಸರಿನಲ್ಲೇ ಇದ್ದದ್ದರಿಂದ ವ್ಯಾಪಾರನಾಮದ ತಿದ್ದುಪಡಿ ಮಾತ್ರ ಸಾಕಾಯಿತು.

ಬ್ಯಾಂಕಿನ ವಿಷಯ ಇದಕ್ಕಿಂತ ಕಷ್ಟದ್ದು. ಹೊಸ ಅಂಗಡಿಗೆ ದಾಸ್ತಾನಿನ ಮೇಲೆ ಕ್ಯಾಶ್ ಕ್ರೆಡಿಟ್ ಸಾಲ ಇತ್ತು. ಪ್ರತಿ ತಿಂಗಳು ಸ್ಟಾಕ್ ಸ್ಟೇಟ್‌ಮೆಂಟ್ ಕೊಡಬೇಕು, ಅದರ ಮೇಲೆ ಎಷ್ಟು ಹಣ ತೆಗೆಯಬಹುದು ಅಂತ ತೀರ್ಮಾನ. ಸೀಲಾದ ಮಾಲು ದಾಸ್ತಾನೋ ಅಲ್ಲವೋ? ನಮ್ಮ ಗೋಡೌನಿನಲ್ಲೇ ಇದೆ, ನಮ್ಮದೇ, ಹಾಗಾಗಿ ಎಂದಿನಂತೆ ತೋರಿಸಿ ಅಂದರು ಮಾಲೀಕರು. ನಾನು ಒಪ್ಪಲಿಲ್ಲ. ಮಾರಲು ಆಗದ ಮಾಲನ್ನು ಮಾರುವ ಮಾಲು ಅಂತ ಬ್ಯಾಂಕಿಗೆ ತೋರಿಸಿದರೆ ಸಿವಿಲ್ ತಕರಾರಿನ ಜೊತೆ ಇನ್ನೊಂದು ದೊಡ್ಡ ತಲೆನೋವು ಮೈಮೇಲೆ ಎಳೆದುಕೊಂಡ ಹಾಗೆ. ಬೇರೆ ಸಾಲಿನಲ್ಲಿ, ಕೋರ್ಟ್ ಸೀಲಿನಲ್ಲಿದೆ ಅಂತ ಬರೆದು, ಆದೇಶದ ಪ್ರತಿ ಲಗತ್ತಿಸಿ ಕೊಟ್ಟೆವು. ವಿಮೆಯವರಿಗೂ ಪತ್ರ ಹೋಯಿತು.

ಬ್ಯಾಂಕಿನವರು ಮಿತಿ ಇಳಿಸಿದರು. ಬೀಜ ಕೊಟ್ಟಿದ್ದ ಸಣ್ಣ ಬೆಳೆಗಾರರಿಗೆ ಬಾಕಿ ಕೊಡುವುದಿತ್ತು, ಅದಕ್ಕೆ ಒಡವೆ ಅಡ ಇಡಬೇಕಾಯಿತು. ಮನೆಯಲ್ಲಿ ನನ್ನ ಮೇಲೆ ಕೆಲವರು ಸಿಟ್ಟಾದರು, ಸಹಜ. ಆದರೆ ಮಿತಿ ಇಳಿಸಿದ ಬ್ಯಾಂಕಿನ ಪತ್ರ ಕೋರ್ಟಿನಲ್ಲಿ ನಮಗೆ ಬೇಕಾದ ದಾಖಲೆಯಾಯಿತು. ಸೀಲಾದ ಮಾಲಿನಿಂದ ವ್ಯಾಪಾರಕ್ಕೆ ದಿನದಿನಕ್ಕೂ ಪೆಟ್ಟು ಬೀಳುತ್ತಿದೆ ಅನ್ನುವುದನ್ನು ಮೂರನೆಯವರೊಬ್ಬರು ಬರೆದುಕೊಟ್ಟ ಹಾಗಾಯಿತು.

ಪುಡಿಯನ್ನು ಹೊರತಂದದ್ದು

ಎದುರಿನವರನ್ನು ಕೇಳದೆ ಕೊಟ್ಟ ತಡೆಯಾಜ್ಞೆಯ ಅರ್ಜಿಯನ್ನು 30 ದಿನದೊಳಗೆ ತೀರ್ಮಾನಿಸಲು ಪ್ರಯತ್ನಿಸಬೇಕು ಅಂತ ಸಂಹಿತೆ ಹೇಳುತ್ತದೆ. ನಡುವೆ ಸಿವಿಲ್ ಕೋರ್ಟಿನ ಬೇಸಿಗೆ ರಜೆ ಬಂತು. ಆಮೇಲೆ ಮಳೆ ಬಂತು. ಮಲೆನಾಡಿನ ಜೂನ್ ತಿಂಗಳಲ್ಲಿ ಸೀಲು ಹಾಕಿದ ಕೋಣೆ ಅಂದರೆ ಗಾಳಿಯಿಲ್ಲ, ಬಿಸಿಲಿಲ್ಲ. ಹಿಂದಿನ ಗೋಡೆ ತೇವ ಹಿಡಿಯಿತು. ಹೊರಗಿನಿಂದ ನೋಡಿದರೆ ಗೊತ್ತಾಗುತ್ತಿತ್ತು, ಆದರೆ ಸೀಲು ಮುಟ್ಟುವ ಹಾಗಿಲ್ಲ. ವಕೀಲರು ಕೋರ್ಟಿಗೆ ಮೆಮೊ (ಚಿಕ್ಕ ಮನವಿ) ಹಾಕಿ, ಕಮಿಷನರ ಎದುರು ಬಾಗಿಲು ತೆಗೆಸಿ, ಪೆಟ್ಟಿಗೆಗಳನ್ನು ಮರದ ಹಲಗೆಯ ಮೇಲೆ ಏರಿಸಿದರು. ಕೆಳಸಾಲಿನ ಪೆಟ್ಟಿಗೆಗಳು ಅಷ್ಟರಲ್ಲಿ ಕೆಟ್ಟಿದ್ದವು. ಸೀಲು ಹಾಕುವ ದಿನವೇ ಹಲಗೆ ಕೇಳಿದ್ದರೆ ಅವೂ ಉಳಿಯುತ್ತಿದ್ದವು.

ಹುರಿದು ಪುಡಿ ಮಾಡಿದ ಕಾಫಿ ಬೇಗ ಹಳಸುವ ಪದಾರ್ಥ. ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ, ಗಾಳಿಯ ಆಮ್ಲಜನಕ ಮತ್ತು ತೇವ ಒಳಬಂದು ಘಮ ಹೋಗುತ್ತದೆ. ಗಟ್ಟಿ ಪೌಚಿನಲ್ಲಿ ಮುಚ್ಚಿದ್ದರೆ ತಿಂಗಳುಗಟ್ಟಲೆ ತಡೆಯುತ್ತದೆ. ಬೆಸ್ಟ್ ಬಿಫೋರ್ ದಿನ ಮಾತ್ರ ಯಾರಿಗೂ ಕಾಯುವುದಿಲ್ಲ. ಈ ಮಾಲನ್ನು ಏನು ಮಾಡಬಹುದು ಅಂತ ಹಲವು ಸಲಹೆ ಬಂದವು.

ಮೊದಲನೆಯದು, ಹೆಸರಿನ ಮೇಲೆ ಬಿಳಿ ಸ್ಟಿಕರ್ ಅಂಟಿಸಿ ಮಾರುವುದು. ಎಲ್ಲರಿಗೂ ಮೊದಲು ಹೊಳೆಯುವುದು ಇದೇ. ಹೆಸರು ಮುಚ್ಚಿದರೂ ಬಣ್ಣ, ಫಿಲ್ಟರಿನ ಚಿತ್ರ ಹಾಗೇ ಇರುತ್ತವೆ. ತಕರಾರು ಇದ್ದದ್ದು ಇಡೀ ಪೌಚಿನ ರೂಪದ ಮೇಲೆ. ಸ್ಟಿಕರನ್ನು ಗಿರಾಕಿ ಉಗುರಿನಲ್ಲಿ ಕಿತ್ತರೆ ಮುಗಿಯಿತು. ಹಾಗೆಯೇ ಪೊಟ್ಟಣ ಸಾಮಗ್ರಿಗಳ 2011ರ ನಿಯಮಗಳ ಪ್ರಕಾರ ತೂಕ, ತಯಾರಕರ ವಿಳಾಸದಂಥ ಕಡ್ಡಾಯ ವಿವರಗಳನ್ನು ಸ್ಟಿಕರಿನಿಂದ ತಿದ್ದುವ ಹಾಗಿಲ್ಲ. ಇದನ್ನು ಕೈಬಿಟ್ಟರು.

ದಾಸೋಹಕ್ಕೋ ಹಾಸ್ಟೆಲಿಗೋ ದಾನ ಕೊಡೋಣ ಅಂದರು ಮಾಲೀಕರ ತಾಯಿ. ಆಸೆ ಒಳ್ಳೆಯದೇ. ಆದರೆ ಪೌಚು ಸಮೇತ ಕೊಟ್ಟರೆ ಅದು ಮತ್ತೆ ಯಾವುದಾದರೂ ಅಂಗಡಿಯಲ್ಲಿ ಕಾಣಿಸಿಕೊಳ್ಳುವ ಭಯ ಹಳೇ ಅಂಗಡಿಗೆ. ನನ್ನ ಕಡೆಯಿಂದ ಇನ್ನೊಂದು ಅಡ್ಡಿ. ನಾಶವಾದ ಅಥವಾ ಉಡುಗೊರೆ ಕೊಟ್ಟ ಮಾಲಿಗೆ ತೆಗೆದುಕೊಂಡಿದ್ದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನು (ಖರೀದಿಗೆ ಕಟ್ಟಿದ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವುದು) ಜಿಎಸ್‌ಟಿ ಕಾಯ್ದೆಯ 17ನೇ ಕಲಮಿನ ಪ್ರಕಾರ ವಾಪಸು ಕಟ್ಟಬೇಕು. ಪೌಚಿನ ಖರೀದಿ, ಯಂತ್ರದ ರಿಪೇರಿ, ಸಾಗಣೆ ಎಲ್ಲದರ ಲೆಕ್ಕ ಬಿಚ್ಚಬೇಕಾಗುತ್ತದೆ. ದಾನಕ್ಕೂ ಕೈಯಿಂದ ದುಡ್ಡು ಹೋಗುತ್ತದೆ ಅಂದಾಗ ತಾಯಿ ನನ್ನ ಮುಖವನ್ನೇ ನೋಡಿದರು.

ಉಳಿದ ದಾರಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 6ನೇ ನಿಯಮ. ದಾವೆಯ ವಿಷಯವಾದ ಮಾಲು ಬೇಗ ಕೆಡುವಂಥದ್ದಾದರೆ ಅದನ್ನು ಮಾರಲು ಕೋರ್ಟು ಆದೇಶ ಕೊಡಬಹುದು. ಹೊಸ ಅಂಗಡಿ ಅರ್ಜಿ ಹಾಕಿತು. ನಮ್ಮ ಹೆಸರಿನ ಮೇಲೆ ಲಾಭ ಮಾಡಲು ಬಿಡುವುದಿಲ್ಲ ಅಂತ ಹಳೇ ಅಂಗಡಿಯ ತಕರಾರು. ಆಗ ವಕೀಲರು ಅರ್ಜಿಯನ್ನು ತಿದ್ದಿದರು: ಪೌಚನ್ನು ಮಾರುವುದಿಲ್ಲ, ಪುಡಿಯನ್ನು ಮಾತ್ರ. ಕಮಿಷನರ ಎದುರು ಪೌಚು ಕತ್ತರಿಸಿ, ಪುಡಿ ತೂಗಿ, ಸಾದಾ ಚೀಲಕ್ಕೆ ತುಂಬಿ ಹೋಟೆಲುಗಳಿಗೆ ಮಾರುವುದು. ಕತ್ತರಿಸಿದ ಪೌಚುಗಳನ್ನು ಎಣಿಸಿ ಮತ್ತೆ ಸೀಲು. ಬಂದ ಹಣ ಪ್ರತ್ಯೇಕ ಖಾತೆಗೆ, ಲೆಕ್ಕ ಕೋರ್ಟಿಗೆ. ಈ ರೂಪದಲ್ಲಿ ಅರ್ಜಿ ಒಪ್ಪಿಗೆಯಾಯಿತು.

ಕೆಲಸಕ್ಕಿಳಿದಾಗ ಸಣ್ಣ ಸಣ್ಣ ತೊಡಕುಗಳು. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ ಶೇ. 51 ಇರಬೇಕು, ಎಷ್ಟು ಕಾಫಿ ಎಷ್ಟು ಚಿಕೋರಿ ಅಂತ ಲೇಬಲ್ಲಿನಲ್ಲಿ ಹೇಳಲೇಬೇಕು. ಗೋಡೌನಿನಲ್ಲಿ ಶುದ್ಧ ಪುಡಿ, 80:20, 60:40 ಮೂರೂ ಇದ್ದವು. ಎಲ್ಲ ಒಂದೇ ಡಬ್ಬಕ್ಕೆ ಸುರಿದರೆ ಚೀಲದ ಮೇಲೆ ಏನಂತ ಬರೆಯುವುದು? ಮೂರನ್ನೂ ಬೇರೆ ಬೇರೆ ದಿನ ಕತ್ತರಿಸಿದರು. ತಯಾರಾದ ದಿನ ಹಳೆಯದೇ ಇರಬೇಕು, ಚೀಲ ಬದಲಾಯಿತು ಅಂತ ಬೆಸ್ಟ್ ಬಿಫೋರ್ ಮುಂದೆ ಹೋಗುವುದಿಲ್ಲ. ಸಾದಾ ಚೀಲದ ಮೇಲೂ ತಯಾರಕರ ಹೆಸರು, ವಿಳಾಸ, 14 ಅಂಕಿಯ ಆಹಾರ ಪರವಾನಗಿ ಸಂಖ್ಯೆ ಬೇಕು. ಆದರೆ ಪರವಾನಗಿ ಇದ್ದದ್ದು ತಕರಾರಿನ ಹೆಸರಿನಲ್ಲಿ! ಕಾನೂನು ಕೇಳುವಷ್ಟನ್ನು ಮಾತ್ರ ಸಣ್ಣ ಅಕ್ಷರದಲ್ಲಿ ಹಾಕಬಹುದು ಅಂತ ಆದೇಶದಲ್ಲೇ ಬರೆಸಿಕೊಂಡಿದ್ದರಿಂದ ಬಚಾವು. ಇಂಥ ಒಂದು ಸಾಲು ಆದೇಶದಲ್ಲಿ ಇಲ್ಲದಿದ್ದರೆ ಒಂದು ಕಾನೂನು ಪಾಲಿಸಲು ಇನ್ನೊಂದನ್ನು ಮೀರಬೇಕಾಗುತ್ತದೆ.

ಕತ್ತರಿಸಿದ ಪುಡಿ ತಿಂಗಳುಗಟ್ಟಲೆ ಕಾಯುವುದಿಲ್ಲ. ಹಾಗಾಗಿ ಹೋಟೆಲಿನವರ ಆರ್ಡರು ಕೈಗೆ ಬಂದ ಮೇಲೇ ಕತ್ತರಿ ಹಿಡಿದರು. ಪೌಚಿನ ಬೆಲೆ ಸಿಗಲಿಲ್ಲ, ಚಿಲ್ಲರೆ ಬೆಲೆಗೂ ಹೋಟೆಲಿನ ಬೆಲೆಗೂ ಇರುವ ವ್ಯತ್ಯಾಸ ಪೂರ್ತಿ ನಷ್ಟ. ಆದರೆ ಬೀಜದ ಅಸಲು ಬಂತು. ಅವಧಿ ಮೀರಿದ್ದು, ತೇವ ಹಿಡಿದದ್ದನ್ನು ಮಹಜರು ಬರೆದು ತೋಟದ ಗೊಬ್ಬರದ ಗುಂಡಿಗೆ ಹಾಕಿದರು.

ರಾಜಿ

ಕಾನೂನಿನ ಒಂದು ಅಸ್ತ್ರ ಹೊಸ ಅಂಗಡಿಯ ಕೈಯಲ್ಲಿತ್ತು. ವಾಣಿಜ್ಯ ನ್ಯಾಯಾಲಯಗಳ ಕಾಯ್ದೆಯ 12ಎ ಕಲಮಿನ ಪ್ರಕಾರ ತುರ್ತು ಪರಿಹಾರ ಬೇಕಿಲ್ಲದ ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು. ಇದು ಕಡ್ಡಾಯ ಅಂತ 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ನೋಟಿಸು ಕೊಟ್ಟು ಆರು ತಿಂಗಳು ಸುಮ್ಮನಿದ್ದವರಿಗೆ ಎಲ್ಲಿಯ ತುರ್ತು? ಕೇಳಬಹುದಿತ್ತು. ಆದರೆ ಗುರುತಿನ ಬಳಕೆ ದಿನವೂ ನಡೆಯುವಂಥದ್ದು, ತುರ್ತು ಇದೆ ಅಂತ ಕೋರ್ಟು ಒಪ್ಪುವ ಸಾಧ್ಯತೆಯೇ ಜಾಸ್ತಿ. ಗೆದ್ದರೂ ಅವರು ಮತ್ತೆ ದಾವೆ ಹಾಕುತ್ತಿದ್ದರು. ವಕೀಲರು ಈ ಅಂಶವನ್ನು ಲಿಖಿತ ಹೇಳಿಕೆಯಲ್ಲಿ ಬರೆದು, ಅದರ ಮೇಲೆ ಹಟ ಹಿಡಿಯದೆ, ಈಗಲಾದರೂ ಮಧ್ಯಸ್ಥಿಕೆಗೆ ಕಳಿಸಿ ಅಂತ ಕೇಳಿದರು. ಹಳೇ ಅಂಗಡಿ ಒಪ್ಪಿತು. ವಾಪಸು ಬಂದ ಪೌಚುಗಳು, ಖಾಲಿಯಾದ ಹಾಸನದ ಶೆಲ್ಫು, ಎರಡೂ ಅವರ ತಲೆಯಲ್ಲಿದ್ದವು ಅಂತ ಆಮೇಲೆ ಅವರ ಕಡೆಯವರೇ ಹೇಳಿದರು.

ಮಾತುಕತೆ ಹೆಸರಿನ ಮೇಲೆ ಬೇಗ ಮುಗಿಯಿತು. ಹೊಸ ಅಂಗಡಿ ಬೇರೆ ಹೆಸರು, ಬೇರೆ ಬಣ್ಣ ತೆಗೆದುಕೊಳ್ಳುವುದು, ಹಳೇ ಅಂಗಡಿ ನಷ್ಟಪರಿಹಾರ ಮತ್ತು 2ಎ ಅರ್ಜಿ ಬಿಡುವುದು. ಜಗ್ಗಾಟ ನಡೆದದ್ದು ಮಾಲಿನ ಮೇಲೆ. ಖಾತೆಯಲ್ಲಿದ್ದ ಪುಡಿಯ ಹಣ ಯಾರಿಗೆ? ಹಳೇ ಅಂಗಡಿ ಅರ್ಧ ಕೇಳಿತು. ಪುಡಿ ಸಾದಾ ಚೀಲದಲ್ಲಿ, ಹೆಸರಿಲ್ಲದೆ, ಹೋಟೆಲಿನ ಬೆಲೆಗೆ ಹೋದದ್ದರಿಂದ ಆ ಹಣದಲ್ಲಿ ಹೆಸರಿನ ಪಾಲು ಯಾವುದು ಅಂತ ತೋರಿಸಲು ಅವರಿಗೆ ಆಗಲಿಲ್ಲ. ಕಮಿಷನರ ಖರ್ಚು ಕಳೆದು ಉಳಿದದ್ದು ಹೊಸ ಅಂಗಡಿಗೆ ಬಂತು. ಸ್ಟಿಕರ್ ಅಂಟಿಸಿ ಮಾರಿದ್ದರೆ ಈ ವಾದಕ್ಕೆ ಕಾಲೇ ಇರುತ್ತಿರಲಿಲ್ಲ. ಮೊದಲ ದಿನ ಕಮಿಷನರು ಮೂರು ಪಟ್ಟಿ ಮಾಡಿದ್ದರಲ್ಲ, ಅದೇ ಪಟ್ಟಿ ಮೇಜಿನ ಮೇಲೆ ಹರಡಿಕೊಂಡು ಕೊನೆಯ ದಿನ ಹಣ ಹಂಚಿದರು.

ನಮ್ಮ ಭಾಗದಲ್ಲಿ ಪಾಲಾದ ಮನೆಗಳು ಎಷ್ಟೋ. ಕಾಫಿಪುಡಿ, ಅಡಿಕೆ, ಮಸಾಲೆ, ಬೇಕರಿ, ಎಲ್ಲದರಲ್ಲೂ ಅಜ್ಜನ ಹೆಸರು ಇಬ್ಬರ ಬೋರ್ಡಿನಲ್ಲಿರುತ್ತದೆ. ಅಂಥವರಿಗೆ ನೋಟಿಸು ಬಂದರೆ ನಾನು ಈಗ ಮೊದಲು ಕೇಳುವುದು ಕೇಸಿನ ಬಲ ಎಷ್ಟು ಅಂತಲ್ಲ, ಅಚ್ಚಾದ ಪೌಚು ಎಷ್ಟಿದೆ ಅಂತ. ಜಾಸ್ತಿ ಇದ್ದರೆ ಇನ್ನೊಂದು ಲಾಟು ಹಾಕಿಸಬೇಡಿ, ಇರುವುದರ ಬ್ಯಾಚುವಾರು ಲೆಕ್ಕ ಇವತ್ತೇ ಬರೆದಿಡಿ ಅನ್ನುತ್ತೇನೆ. ಹಾಗೆಯೇ ದಾವೆ ಹಾಕುವವರು ಬಂದರೆ, ಎದುರಿನವರ ಇಡೀ ಗೋಡೌನು ಮುಚ್ಚಿಸುವ ಆಸೆ ಬಿಡಿ ಅನ್ನುತ್ತೇನೆ. ಸಾಕಷ್ಟು ಕಾರಣವಿಲ್ಲದೆ ಪಡೆದ ತಡೆಯಾಜ್ಞೆಗೆ ಸಂಹಿತೆಯ 95ನೇ ಕಲಮಿನಲ್ಲಿ 50,000 ರೂಪಾಯಿವರೆಗೆ ಪರಿಹಾರ ಕಟ್ಟಬೇಕಾಗಬಹುದು. ಮೊತ್ತ ದೊಡ್ಡದಲ್ಲ. ದೊಡ್ಡದು ಬೇರೆ: ಮುಚ್ಚಿಹೋದ ಅಂಗಡಿಯ ಜೊತೆ ರಾಜಿಗೆ ಕೂರಲು ಯಾರೂ ಉಳಿಯುವುದಿಲ್ಲ.

ರಾಜಿ ಡಿಕ್ರಿಯಲ್ಲಿ ಪ್ರತಿವಾದಿಯ ಬಳಿ ಇರುವ ಎಲ್ಲ ಪ್ಯಾಕಿಂಗ್ ಸಾಮಗ್ರಿ ನಾಶ ಅಂತ ಬರೆದಿತ್ತು. ಕತ್ತರಿಸಿದ ಪೌಚು, ಖಾಲಿ ಬಂಡಲು ಎಲ್ಲ ಎರಡೂ ಕಡೆಯವರ ಎದುರು ತುಂಡಾಗಿ ಪ್ಲಾಸ್ಟಿಕ್ ಕಸದವರಿಗೆ ಹೋಯಿತು. ಕೆಲವು ತಿಂಗಳಾದ ಮೇಲೆ ಬೇರೆ ಜಿಲ್ಲೆಯಲ್ಲಿದ್ದ ಪ್ರಿಂಟರು ಫೋನು ಮಾಡಿದರು: ನಿಮ್ಮ ಹಳೇ ಪೌಚಿನ ಅಚ್ಚಿನ ಸಿಲಿಂಡರುಗಳು ನಮ್ಮಲ್ಲೇ ಇವೆ, ಹೊಸ ಆರ್ಡರು ಯಾವಾಗ? ಅವು ಪ್ರತಿವಾದಿಯ ದುಡ್ಡಿನವು, ಆದರೆ ಪ್ರತಿವಾದಿಯ ಬಳಿ ಇರಲಿಲ್ಲ. ಹಾಗಾಗಿ ಯಾವ ಪಟ್ಟಿಯಲ್ಲೂ ಬಂದಿರಲಿಲ್ಲ. ಎರಡೂ ವಕೀಲರು ಮಾತಾಡಿಕೊಂಡು ಜಂಟಿ ಮೆಮೊ ಹಾಕಿದರು. ಸಿಲಿಂಡರಿನ ಮೇಲಿನ ತಾಮ್ರದ ಪದರ ಕೆರೆದು ಹಳೇ ಚಿತ್ರ ತೆಗೆಸಿ, ಫೋಟೊ ಎರಡೂ ಕಡೆಗೆ ಕಳಿಸಿದರು. ಅದೇ ಸಿಲಿಂಡರಿನ ಮೇಲೆ ಹೊಸ ಹೆಸರಿನ ಚಿತ್ರ ಕೊರೆಸಿದರು. ಕೆರೆಸಿದ ಖರ್ಚು ಯಾರದು ಅಂತ ರಾಜಿಯಲ್ಲಿ ಬರೆದಿರಲಿಲ್ಲ. ಹೊಸ ಅಂಗಡಿಯೇ ಕೊಟ್ಟಿತು. ಆ ಬಿಲ್ಲಿನ ಮೇಲಿನ ಜಿಎಸ್‌ಟಿಗೆ ಮಾತ್ರ ಕ್ರೆಡಿಟ್ ಸಿಕ್ಕಿತು.